ಕೊಬ್ಬರಿ ಮಂಡಿಯ ಬೆಕ್ಕುಗಳೂ ಶಿವಲಿಂಗಪ್ಪನವರೂ

ಮೀನಿನ ಅಂಗಡಿಯ ಮುಂದೆ ನಿಂತಷ್ಟು ಹೊತ್ತೂ ಶಿವಲಿಂಗಪ್ಪನವರು ಉಸಿರು ಬಿಡುತ್ತಿರಲಿಲ್ಲ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಬಿಳಿ ಅಂಗಿಯ ಒಳಗೆ ಎದೆಯ ಮೇಲೆ ಲಿಂಗದ ಕರಡಿಗೆ, ಕೈಯಲ್ಲಿ ಮುಚ್ಚಳವಿದ್ದ ಹಳೆಯ ಅಲ್ಯೂಮಿನಿಯಂ ಕ್ಯಾನು. ಅರಸೀಕೆರೆಯ ಮೀನಿನ ಸಾಲಿನಲ್ಲಿ ಗೌರಮ್ಮನ ಅಂಗಡಿ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಎದೆ ತುಂಬ ಗಾಳಿ ಎಳೆದುಕೊಂಡು, ಬಾಯಿ ಬಿಗಿದು, ಕ್ಯಾನನ್ನು ಮುಂದಕ್ಕೂ ಮುಖವನ್ನು ಹಿಂದಕ್ಕೂ ಮಾಡಿ ನಿಲ್ಲುತ್ತಿದ್ದರು. ಗೌರಮ್ಮ ಮೀನಿನ ತಲೆ, ಬಾಲಗಳನ್ನೆಲ್ಲ ಅದಕ್ಕೆ ತುಂಬಬೇಕು. ಕೆಲವು ದಿನ ಆಕೆ ಬೇಕೆಂದೇ ತಡ ಮಾಡುತ್ತಿದ್ದಳು.

“ಇವತ್ತು ಎಷ್ಟೊತ್ತು ತಡ್ಕತೀರೋ ನೋಡಾಣ ಯಜಮಾನ್ರೆ.”

ಅವರ ಮುಖ ಕೆಂಪಾಗಿ, ಕಣ್ಣು ತೇಲಿ, ಕೊನೆಗೆ ಕ್ಯಾನು ಕಸಿದುಕೊಂಡು ಓಡಿದ ಹಾಗೆ ನಡೆದು, ತೆಂಗಿನಕಾಯಿ ಅಂಗಡಿಯ ಹತ್ತಿರ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಮಂಡಿಯ ಬೆಕ್ಕುಗಳಿಗಾಗಿ ವರ್ಷಾನುಗಟ್ಟಲೆ ದಿನವೂ ಈ ಕೆಲಸ ಮಾಡಿದರು.

“ಹೊಟ್ಟೆಗೆ ಜಾತಿ ಇಲ್ಲ ಕಣ್ರಮ್ಮ, ಹಲ್ಲಿಗೆ ಐತೆ. ಬೆಕ್ಕಿನ ಹಲ್ಲು ನೋಡಿದ್ದೀರಲ್ಲ, ಅದು ಮುದ್ದೆ ತಿನ್ನೋ ಹಲ್ಲಲ್ಲ,” ಎಂದು ಮುಂದೆ ನನಗೆ ಹೇಳುತ್ತಿದ್ದರು.

ಅವರು ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸದವರು. ಊರಾಚೆಯ ಒಂದು ಹಳೆಯ ಗೋದಾಮುಗಳ ಸಾಲಿನಲ್ಲಿ ಮೂವತ್ತು ವರ್ಷ ತಕ್ಕಡಿಯ ಪಕ್ಕದಲ್ಲೇ ನಿಂತವರು. ಕೊಬ್ಬರಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಮೂಟೆಗಳ ಸಂದಿಯಲ್ಲಿ, ಹೆಂಚಿನ ಕೆಳಗಿನ ತೊಲೆಗಳ ಮೇಲೆ, ಕೆಟ್ಟು ನಿಂತ ಲಾರಿಯ ಅಡಿಯಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಸಾಯುವ ಬೆಕ್ಕುಗಳು ಅವು. ಯಾರ ಮನೆಯವೂ ಅಲ್ಲ. ಯಾರಾದರೂ ಕೈ ಚಾಚಿದರೆ ಗೋಡೆ ಏರಿಬಿಡುತ್ತಿದ್ದವು. ಶಿವಲಿಂಗಪ್ಪನವರು ಗೋದಾಮುಗಳ ಹಿಂದೆ ಮೂರು ಕಲ್ಲಿನ ಒಲೆ ಹೂಡಿ, ಮೀನಿನ ತಲೆಗೆ ನುಚ್ಚು ಹಾಕಿ ಬೇಯಿಸಿ, ಆರಿಸಿ, ಹಾಸುಗಲ್ಲಿನ ಮೇಲೆ ಇಪ್ಪತ್ತು ಮೂವತ್ತು ಕಡೆ ಬೇರೆ ಬೇರೆಯಾಗಿ ಬಡಿಸುತ್ತಿದ್ದರು. “ಬನ್ರವ್ವಾ, ಬನ್ನಿ,” ಎಂದು ಕರೆಯುತ್ತಿದ್ದರು, ಮದುವೆ ಮನೆಯಲ್ಲಿ ಪಂಕ್ತಿಗೆ ಕರೆದ ಹಾಗೆ. ಆಮೇಲೆ ನಲ್ಲಿಯ ಕೆಳಗೆ ತಣ್ಣೀರು ಸುರಿದುಕೊಂಡು, ಬಟ್ಟೆ ಬದಲಾಯಿಸಿ, ತಕ್ಕಡಿಗೆ ಹೋಗುತ್ತಿದ್ದರು.

ಅವರ ಹೆಂಡತಿ ಗಂಗಮ್ಮನವರು ಮದುವೆಯಾದಾಗಿನಿಂದ ಮಠಕ್ಕೆ ನಡೆದುಕೊಂಡವರು. “ಆ ಪಾತ್ರೆ ಹೊಸ್ತಿಲು ದಾಟಿ ಒಳಗೆ ಬಂದ ದಿನ ನಾನು ಹೊಸ್ತಿಲು ದಾಟಿ ಹೊರಗೆ ಹೋಗ್ತೀನಿ,” ಎಂದು ಅವರು ಹೇಳಿದ್ದರಿಂದ ಪಾತ್ರೆ ಮಂಡಿಯಲ್ಲೇ ಉಳಿಯಿತು. ಆಕೆಯೇ ಒಮ್ಮೆ ಗಂಡನನ್ನು ಸ್ವಾಮೀಜಿಯ ಮುಂದೆ ನಿಲ್ಲಿಸಿ ದೂರಿದರಂತೆ. ಸ್ವಾಮೀಜಿ, “ಏನಪ್ಪಾ, ಮೀನು ಹೊರ್ತೀಯಂತಲ್ಲ?” ಎಂದರು. “ಹೊರ್ತೀನಿ ಬುದ್ಧಿ, ತಿನ್ನಲ್ಲ,” ಎಂದರು ಇವರು. ಸ್ವಾಮೀಜಿ ನಕ್ಕು, “ಕೈ ಚೆನ್ನಾಗಿ ತೊಳ್ಕೊ,” ಎಂದಷ್ಟೇ ಹೇಳಿ ಕಳಿಸಿದರು. ಗಂಗಮ್ಮನವರು ತೀರಿಕೊಳ್ಳುವವರೆಗೂ ಆ ತೀರ್ಪಿನ ಬಗ್ಗೆ ಸಮಾಧಾನಪಟ್ಟುಕೊಳ್ಳಲಿಲ್ಲ.

ನಾನು ಪಶುವೈದ್ಯೆ. ಅರಸೀಕೆರೆಗೆ ಬಂದು ಸಣ್ಣದೊಂದು ಕ್ಲಿನಿಕ್ ತೆರೆದ ಮೊದಲ ವರ್ಷ ನನ್ನಲ್ಲಿಗೆ ಬರುತ್ತಿದ್ದದ್ದು ಮೇಕೆಗಳು, ಕರುಗಳು, ಆಗೊಮ್ಮೆ ಈಗೊಮ್ಮೆ ರೈಲ್ವೆ ಕ್ವಾರ್ಟರ್ಸಿನ ನಾಯಿಗಳು. ಒಂದು ದಿನ ಈ ಎತ್ತರದ ಮನುಷ್ಯ ಗೋಣಿಚೀಲವೊಂದನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತರು.

“ಬೆಕ್ಕಿಗೆ ನೋಡ್ತೀರಾ?”

ನೋಡುತ್ತೇನೆ ಎಂದೆ. ಚೀಲದೊಳಗೆ ಕೆಂಪು ಪಟ್ಟೆಯ ಹೆಣ್ಣು ಬೆಕ್ಕು. ದವಡೆಯ ಕೆಳಗೆ ಕೀವು ತುಂಬಿ ಊದಿಕೊಂಡಿತ್ತು. ಹೆಸರು ಕೆಂಚಿ ಎಂದರು. ಔಷಧದ ಪ್ರಮಾಣ ಲೆಕ್ಕ ಹಾಕಲು ತೂಕ ಬೇಕಿತ್ತು. ನಾನು ಯಂತ್ರವನ್ನು ಒರೆಸುತ್ತಿರುವಾಗಲೇ ಅವರು ಚೀಲವನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿ, “ಚೀಲ ಬಿಟ್ಟು ಮೂರು ಕೆಜಿ ನೂರು ಗ್ರಾಂ,” ಎಂದರು. ತೂಗಿದೆ. ಮೂರು ಕೆಜಿ ನೂರು ಗ್ರಾಂ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ನಿಮ್ಮ ಯಂತ್ರ ಸರಿಯಾಗೈತೆ,” ಎಂದರು. ಮುಂದೆ ಎಷ್ಟೋ ಸಲ ಬೆದರಿದ ಬೆಕ್ಕನ್ನು ತಟ್ಟೆಯ ಮೇಲೆ ಕೂರಿಸಲಾಗದೆ, ಅವರ ಕೈಯ ಅಂದಾಜನ್ನೇ ನಂಬಿ ಅರಿವಳಿಕೆ ಕೊಟ್ಟಿದ್ದೇನೆ. ಒಂದು ಸಲವೂ ಅದು ತಪ್ಪಲಿಲ್ಲ.

ಕೆಂಚಿ ವಾಸಿಯಾದ ಮೇಲೆ ನಾನು ಮಂಡಿ ನೋಡಲು ಹೋದೆ. ನಾನು ಎಣಿಸುವಷ್ಟರಲ್ಲಿ ಮೂವತ್ತೆಂಟು ಬೆಕ್ಕುಗಳಾದವು. ಅದರಲ್ಲಿ ಒಂಬತ್ತು ಬಸುರಿ. ಕಣ್ಣು ಕೀವಾಗಿ ಅಂಟಿಕೊಂಡ ಮರಿಗಳು, ಪಕ್ಕೆಲುಬು ಎದ್ದ ಬಾಣಂತಿಗಳು. ಎಲ್ಲಕ್ಕೂ ಮರಿಗಳಾಗದ ಹಾಗೆ ಆಪರೇಷನ್ ಮಾಡಿಸೋಣ, ನಾನು ಹಣ ತೆಗೆದುಕೊಳ್ಳುವುದಿಲ್ಲ ಎಂದೆ. ಅವರು ಒಪ್ಪಲಿಲ್ಲ.

“ಬಸುರು ಬ್ಯಾಡ ಅನ್ನಾಕೆ ನಾವ್ಯಾರು ಡಾಕ್ಟ್ರಮ್ಮ? ಅದು ಶಿವ ಕೊಟ್ಟಿದ್ದು.”

“ಕೊಟ್ಟದ್ದರಲ್ಲಿ ಎಷ್ಟು ಉಳಿಯುತ್ತವೆ?”

ಅವರು ಒಂದು ಮೂಟೆಯ ಮೇಲೆ ಕೂತರು. ಆಮೇಲೆ, ಯಾರಿಗೂ ಹೇಳಿರದ ಒಂದು ವಿಷಯ ಹೇಳಿದರು. ಮಂಡಿಗೆ ಸೇರಿದ ಹೊಸದರಲ್ಲಿ, ಮರಿಗಳು ಹೆಚ್ಚಾದಾಗಲೆಲ್ಲ ಸಾಹುಕಾರರು ಅವರನ್ನೇ ಕರೆಯುತ್ತಿದ್ದರಂತೆ. ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಸೈಕಲ್ಲಿಗೆ ಕಟ್ಟಿಕೊಂಡು ದೂರದ ಬೇಲಿಯಲ್ಲಿ ಬಿಟ್ಟು ಬರಬೇಕು. ಏಳೆಂಟು ವರ್ಷ ಅದನ್ನು ಮಾಡಿದ್ದರು.

“ಚೀಲದ ಬಾಯಿ ಬಿಚ್ಚಿ ಬಿಟ್ಟು ಬತ್ತಿದ್ದೆ, ಕಟ್ಟಿ ಎಸೀತಿರ್ನಿಲ್ಲ. ಆದ್ರೆ ಅವು ಬದುಕಲ್ಲ ಅಂತ ನಂಗೆ ಗೊತ್ತಿತ್ತು ಕಣ್ರಮ್ಮ. ಸೈಕಲ್ ತುಳೀವಾಗ ಬೆನ್ನಿಗೆ ಬಿಸಿ ಬಿಸಿ ತಾಗೋದು.”

“ಹಾಗಾದರೆ ಹುಟ್ಟದಿರುವುದೇ ಒಳ್ಳೆಯದಲ್ಲವೇ?” ಎಂದೆ. ನನಗೆ ಆಗ ಮೂವತ್ತು ವರ್ಷ. ಓದಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅವರ ನೋವನ್ನೇ ಹಿಡಿದು ಅವರನ್ನು ಒಪ್ಪಿಸಿದೆ. ಇದನ್ನು ಬರೆಯುವಾಗ ಆ ಮಾತನ್ನು ಬಿಟ್ಟುಬಿಡಬಹುದಿತ್ತು, ಬಿಡುವುದು ಸರಿಯಲ್ಲ.

ಹಿಡಿದ ಕೆಲಸವನ್ನು ಅವರು ಅರ್ಧಕ್ಕೆ ಬಿಡುವವರಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಎರಡು ಬೋನು ಮಾಡಿಸಿದರು. ಒಳಗೆ ಹಲಗೆ ತುಳಿದರೆ ಬಾಗಿಲು ಬೀಳುವಂಥವು. ನನ್ನ ಕ್ಲಿನಿಕ್ಕಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ವಸಂತಾ ತಾನಾಗಿಯೇ ನಮ್ಮ ಜೊತೆ ಸೇರಿಕೊಂಡಳು. ಒಂದೊಂದು ಬೆಕ್ಕಿನ ಫೋಟೊ ತೆಗೆದು, ಅದರ ಹೆಸರು, ಯಾವ ಗೋದಾಮು ಎಂಬುದನ್ನು ಬರೆದಿಟ್ಟವಳು ಅವಳೇ. ವಾರಕ್ಕೆ ಎರಡು ಮೂರರಂತೆ ಹಿಡಿದು ತಂದು, ಆಪರೇಷನ್ ಮಾಡಿ, ಗುರುತಿಗಾಗಿ ಎಡಗಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿ, ಮೂರು ದಿನ ಇಟ್ಟುಕೊಂಡು, ಹಿಡಿದ ಜಾಗದಲ್ಲೇ ಬಿಡುತ್ತಿದ್ದೆವು. ಅರಿವಳಿಕೆ ಇಳಿಯುವವರೆಗೆ ಶಿವಲಿಂಗಪ್ಪನವರು ನೆಲದ ಮೇಲೆ ಕೂತು, ಬೆಕ್ಕಿನ ಕಿವಿಯನ್ನೇ ನೋಡುತ್ತ, “ಇದೊಂದು ಕುಯ್ಬಾರದಿತ್ತು, ಲಕ್ಷಣವಾಗಿತ್ತು,” ಎಂದು ಪ್ರತಿಸಲವೂ ಹೇಳುತ್ತಿದ್ದರು.

ಒಂದೂವರೆ ವರ್ಷದಲ್ಲಿ ಮಂಡಿಯಲ್ಲಿ ಮರಿಗಳ ಅಳು ನಿಂತಿತು. ಗಂಡುಗಳ ಕಾದಾಟ ಕಡಿಮೆಯಾಯಿತು. ಮುದಿ ಬೆಕ್ಕುಗಳು ಕೆಲವು ಸತ್ತವು, ಕೆಲವು ಎಲ್ಲಿಗೋ ಹೋದವು. ಉಳಿದ ಇಪ್ಪತ್ತನಾಲ್ಕರ ಮೈಮೇಲೆ ತುಪ್ಪಳ ಮಿನುಗತೊಡಗಿತು. ಅವುಗಳ ಫೋಟೊಗಳನ್ನೆಲ್ಲ ಒಂದೇ ಹಾಳೆಯಲ್ಲಿ ಹಾಕಿ ವಸಂತಾ ಮಾಡಿಕೊಟ್ಟ ಪಟವನ್ನು ಶಿವಲಿಂಗಪ್ಪನವರು ತಕ್ಕಡಿಯ ಹಿಂದಿನ ಗೋಡೆಗೆ ಅಂಟಿಸಿದರು. ನಾವು ಮೂವರೂ ಅಷ್ಟು ನೆಮ್ಮದಿಯಾಗಿ ಮತ್ತೆಂದೂ ಇರಲಿಲ್ಲ.

ಮರು ವರ್ಷ ಇಲಿ ಹೆಚ್ಚಾದವು. ಬೆಕ್ಕು ಕಡಿಮೆಯಾದದ್ದಕ್ಕೇ ಹೆಚ್ಚಾದವೋ, ಬೆಲೆ ಏರಲಿ ಎಂದು ಎಲ್ಲರೂ ಕೊಬ್ಬರಿಯನ್ನು ಮಾರದೆ ತುಂಬಿಟ್ಟಿದ್ದರಿಂದ ಹೆಚ್ಚಾದವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೂಟೆಗಳ ತಳ ತೂತಾಗಿ, ಎತ್ತಿದರೆ ಅರ್ಧ ತಿಂದ ಕೊಬ್ಬರಿ ಗಿಟುಕು ನೆಲಕ್ಕೆ ಉದುರುತ್ತಿತ್ತು. ಮೂರು ಗೋದಾಮುಗಳ ಯಜಮಾನ ರುದ್ರಣ್ಣನವರು ಒಂದು ದಿನ ಶಿವಲಿಂಗಪ್ಪನವರನ್ನೂ ನನ್ನನ್ನೂ ಕರೆಸಿದರು. ಕೆಟ್ಟ ಮನುಷ್ಯರಲ್ಲ. ಕಾಫಿ ತರಿಸಿ, ಕೂರಿಸಿ ಮಾತಾಡಿದರು.

“ನೋಡಿ ಡಾಕ್ಟ್ರೇ, ಬೆಕ್ಕುಗಳಿಗೆ ಕಾಟ ಕೊಡಿ ಅಂತ ನಾನು ಯಾವತ್ತಾದ್ರೂ ಹೇಳಿದ್ದೀನಾ? ಆದ್ರೆ ರೈತರು ನನ್ನ ನಂಬಿ ಮಾಲು ಇಟ್ಟವ್ರೆ. ಔಷಧಿ ಇಡದೆ ಬೇರೆ ದಾರಿ ಇಲ್ಲ.”

ಇಲಿಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕೂ ಸಾಯುತ್ತದೆ ಎಂದು ವಿವರಿಸಿದೆ. ಅವರು ತಲೆ ತಗ್ಗಿಸಿ ಕೇಳಿದರು. ಒಂದು ತಿಂಗಳು ಟೈಮು ಕೊಟ್ಟರು.

ಆ ತಿಂಗಳು ನಾವು ಬಲ್ಲ ಉಪಾಯಗಳನ್ನೆಲ್ಲ ಮಾಡಿದೆವು. ಗೋಡೆಯ ಬಿಲಗಳಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು ಹಾಕಿಸಿದೆವು. ಐವತ್ತು ಇಲಿಬೋನು ತಂದೆವು. ಬೆಳಗಾದರೆ ಶಿವಲಿಂಗಪ್ಪನವರು ಅವನ್ನೆಲ್ಲ ಒಂದೊಂದಾಗಿ ಖಾಲಿ ಮಾಡುತ್ತಿದ್ದರು. ಇಲಿಗಳು ಎರಡು ವಾರದಲ್ಲಿ ಬೋನಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿತುಕೊಂಡವು. ತಿಂಗಳ ಕೊನೆಗೆ ರುದ್ರಣ್ಣನವರೇ ಬಂದು, “ಶಿವಲಿಂಗಣ್ಣ, ಸೋಮವಾರ ಇಡ್ತೀವಿ. ಹೇಳದೆ ಇಡಬಾರದು ಅಂತ ಹೇಳ್ತಿದ್ದೀನಿ,” ಎಂದರು. ಇವರು, “ಆಗ್ಲಿ ಸಾವ್ಕಾರ್ರೆ,” ಎಂದಷ್ಟೇ ಅಂದರು. ಅದಕ್ಕಿಂತ ಹೆಚ್ಚು ಏನು ಅನ್ನಬಹುದಿತ್ತು?

ನಾಲ್ಕು ದಿನ ಉಳಿದಿತ್ತು. ಬೆಕ್ಕುಗಳನ್ನೆಲ್ಲ ಹಿಡಿದು ಬೇರೆಡೆ ಇಡೋಣವೆಂದುಕೊಂಡೆವು. ಎಲ್ಲಿ ಎಂದು ಗೊತ್ತಿರಲಿಲ್ಲ. ಮೊದಲು ಹಿಡಿಯೋಣ ಎಂದಳು ವಸಂತಾ. ಬೋನಿಗೆ ಹುರಿದ ಬಂಗುಡೆ ಇಟ್ಟೆವು. ಬೆಕ್ಕುಗಳು ಬಂದವು, ಬೋನನ್ನು ಸುತ್ತಿದವು, ಹೊರಗೆ ಕೂತು ಮೂತಿ ನೆಕ್ಕಿಕೊಂಡವು. ಒಳಗೆ ಕಾಲಿಡಲಿಲ್ಲ. ಪ್ರತಿಯೊಂದೂ ಹಿಂದೆ ಒಮ್ಮೆ ಆ ಬೋನಿಗೆ ಬಿದ್ದು, ನನ್ನ ಟೇಬಲ್ಲಿನ ಮೇಲೆ ಮಲಗಿ, ಕಿವಿಯ ತುದಿ ಕಳೆದುಕೊಂಡು ಬಂದದ್ದೇ. ನಾಲ್ಕು ದಿನದಲ್ಲಿ ಸಿಕ್ಕಿದ್ದು ಐದು. ಅವನ್ನು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದೆವು.

ಉಳಿದವುಗಳಿಗೆ ಶಿವಲಿಂಗಪ್ಪನವರು ಮೂರು ಹೊತ್ತು ಉಣಿಸತೊಡಗಿದರು. ಗೌರಮ್ಮ ಈಗ ತಮಾಷೆ ಮಾಡುತ್ತಿರಲಿಲ್ಲ. ತಲೆಗಳ ಜೊತೆ ಇಡೀ ಮೀನುಗಳನ್ನೂ ಹಾಕಿಕೊಡುತ್ತಿದ್ದಳು.

“ಹೊಟ್ಟೆ ತುಂಬಿದ್ರೆ ಇಲಿ ಮುಟ್ಟಲ್ಲ ಅಲ್ವಾ ಡಾಕ್ಟ್ರಮ್ಮ?” ಎಂದು ಶಿವಲಿಂಗಪ್ಪನವರು ಕೇಳಿದರು.

ಬೆಕ್ಕು ಹಸಿವಿಗಾಗಿ ಮಾತ್ರ ಬೇಟೆಯಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಪಾಷಾಣ ತಿಂದ ಇಲಿ ಮಂಕಾಗಿ, ಓಡಲಾರದೆ ಸುಲಭವಾಗಿ ಸಿಗುತ್ತದೆ ಎಂದೂ ಗೊತ್ತಿತ್ತು. “ಮುಟ್ಟದೆ ಇರಬಹುದು,” ಎಂದೆ.

ಔಷಧ ಇಟ್ಟ ಏಳನೆಯ ದಿನ ಬೆಳಿಗ್ಗೆ ಅವರು ಗೋಣಿಚೀಲವಿಲ್ಲದೆ, ಬರಿಗೈಯಲ್ಲೇ ಕೆಂಚಿಯನ್ನು ಎತ್ತಿಕೊಂಡು ಬಂದರು. ವಾಸಿಯಾದ ಮೇಲೂ ಅವರನ್ನು ಹತ್ತಿರ ಬಿಟ್ಟುಕೊಳ್ಳದಿದ್ದ ಬೆಕ್ಕು, ಆ ದಿನ ತಾನಾಗಿ ಬಂದು ಅವರ ಪಾದದ ಮೇಲೆ ಮಲಗಿತಂತೆ. ಒಸಡು ಕಾಗದದ ಹಾಗೆ ಬಿಳಿಚಿತ್ತು. ಉಸಿರು ಮೇಲೆ ಮೇಲೆ ಬರುತ್ತಿತ್ತು. ಈ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ, ಒಳಗೊಳಗೇ ಸೋರಿಹೋಗುತ್ತದೆ. ನಾನು ವಿಟಮಿನ್ ಕೆ ಇಂಜೆಕ್ಷನ್ ಚುಚ್ಚಿದೆ. ಅದು ಕೆಲಸ ಮಾಡಲು ಹೊತ್ತು ಬೇಕು.

ಶಿವಲಿಂಗಪ್ಪನವರು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತಿದ್ದರು. “ಮೂರು ಕೆಜಿ ಮುನ್ನೂರು,” ಎಂದರು ಮೆಲ್ಲಗೆ. “ಆಪರೇಷನ್ ದಿನ ಇದ್ದಷ್ಟೇ, ಒಂದು ಗ್ರಾಂ ಕಮ್ಮಿಯಾಗಿಲ್ಲ. ಎಲ್ಲಾ ಒಳಗೇ ಐತೆ.”

ಹತ್ತು ನಿಮಿಷದಲ್ಲಿ ಅದು ಅವರ ಕೈಯಲ್ಲೇ ಹೋಯಿತು.

ಆಮೇಲಿನ ಎರಡು ವಾರ ಒಂದರ ಹಿಂದೆ ಒಂದು. ಕಾಯಿಲೆಯಾದ ಮೇಲೆ ಕೈಗೆ ಸಿಕ್ಕವನ್ನು ತಂದು ಚುಚ್ಚಿದೆವು. ಸಿಗದವು ತೊಲೆಯ ಮೇಲೆ, ಮೂಟೆಯ ಸಂದಿಯಲ್ಲಿ ಸೇರಿಕೊಂಡವು. ಔಷಧವನ್ನು ವಾರಗಟ್ಟಲೆ ಬಿಡದೆ ಕೊಡಬೇಕು. ಒಂದು ಸಲ ಚುಚ್ಚಿಸಿಕೊಂಡ ಬೆಕ್ಕು ಎರಡನೇ ದಿನ ನಮ್ಮ ನೆರಳು ಕಂಡರೆ ಓಡುತ್ತಿತ್ತು. ಮಾತ್ರೆಯನ್ನು ಪುಡಿ ಮಾಡಿ ಮೀನಿನಲ್ಲಿ ಬೆರೆಸಿದರೆ ಕೆಲವು ತಿಂದವು, ಕೆಲವು ಮೂಸಿ ಬಿಟ್ಟವು. ಯಾವುದು ಎಷ್ಟು ತಿಂದಿತೋ ಯಾರಿಗೆ ಗೊತ್ತು. ವಸಂತಾ ಬಹಳ ಗಟ್ಟಿ ಹುಡುಗಿ. ಪಟದಲ್ಲಿದ್ದ ಫೋಟೊಗಳಿಗೆ ಗುರುತು ಹಾಕುತ್ತ ಹಾಕುತ್ತ ಒಂದು ದಿನ ಪೆನ್ನು ಕೆಳಗಿಟ್ಟು, “ಮೇಡಂ, ಇನ್ಮೇಲೆ ನಾನ್ ಬರೆಯಲ್ಲ,” ಎಂದಳು. ಕೊನೆಗೆ ಉಳಿದದ್ದು ನಮ್ಮ ಕೋಣೆಯ ಐದು, ಮಂಡಿಯಲ್ಲಿ ಮೂರು. ಇಲಿಗಳೂ ಕಡಿಮೆಯಾದವು. ರುದ್ರಣ್ಣನವರು ಒಮ್ಮೆ ದಾರಿಯಲ್ಲಿ ಸಿಕ್ಕಾಗ ತಲೆ ತಗ್ಗಿಸಿಕೊಂಡೇ ಕೈಮುಗಿದು ಹೋದರು.

ಸತ್ತ ಬೆಕ್ಕುಗಳನ್ನೆಲ್ಲ ಹೂತದ್ದು ಶಿವಲಿಂಗಪ್ಪನವರೇ. ಕೊನೆಯ ಗುಂಡಿ ಮುಚ್ಚಿದ ದಿನ ನಾನು ಕೇಳಿಯೇಬಿಟ್ಟೆ.

“ನನ್ನ ಮಾತು ಕೇಳಿ ತಪ್ಪು ಮಾಡಿದಿರಿ ಅನ್ನಿಸುತ್ತಾ?”

ಅವರು ಗುದ್ದಲಿಯ ಮಣ್ಣನ್ನು ಕಲ್ಲಿಗೆ ಕೆರೆದರು.

“ಚೀಲದಾಗೆ ಕಟ್ಕಂಡು ಹೋದಾಗ್ಲೂ ಸತ್ವು. ಮೀನು ಹಾಕಿ ಸಾಕಿದಾಗ್ಲೂ ಸತ್ವು. ನಿಮ್ಮದೇನು ತಪ್ಪು? ನನ್ನದೇನು ತಪ್ಪು? ಯಾರ ತಪ್ಪೂ ಇಲ್ಲದಂಗೆ ಇಷ್ಟೊಂದು ಸಾಯ್ತವಲ್ಲ, ಅದು ನಂಗೆ ತಿಳೀತಾ ಇಲ್ಲ ಕಣ್ರಮ್ಮ.”

ಆ ವರ್ಷವೇ ಅವರು ಕೆಲಸ ಬಿಟ್ಟರು. ಗಂಗಮ್ಮನವರು ಹೋಗಿ ಆಗಲೇ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿದ್ದ ಅಕ್ಕ ಪಾರ್ವತಮ್ಮನ ಮನೆಗೆ ಹೋಗಿ ಸೇರಿಕೊಂಡರು. ಮಂಡಿಯ ಮೂರು ಬೆಕ್ಕುಗಳಿಗೆ ವಸಂತಾ ಊಟ ಹಾಕತೊಡಗಿದಳು. ಕೋಣೆಯಲ್ಲಿದ್ದ ಐದು ಹೇಗೋ ನನ್ನವೇ ಆದವು.

ಎಂಟು ತಿಂಗಳ ಮೇಲೆ ನಾನು ಅವರನ್ನು ನೋಡಲು ಹೋದೆ. ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿನಲ್ಲಿ ಇಳಿದು, ನಡೆದೇ ಹೋದೆ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕಾಲು ಊದಿಕೊಂಡಿದ್ದವು. ಎದೆಯ ಕಾಯಿಲೆಯಂತೆ, ಹಾಸನದ ಡಾಕ್ಟರು ಉಪ್ಪು ಬಿಡಿಸಿದ್ದರು. ಮಾತು ಮಳೆ, ತೆಂಗು, ವಸಂತಾಳ ಮದುವೆ ಎಂದು ಸುತ್ತಿತು. ಬೆಕ್ಕುಗಳ ವಿಷಯ ಅವರು ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಹೊರಟಾಗ ದಾರಿಯಲ್ಲಿರುವ ಜೈನ ಬಸದಿಯವರೆಗೆ ಬರುತ್ತೇನೆಂದು ಎದ್ದರು. ಬೇಡವೆಂದರೂ ಕೇಳಲಿಲ್ಲ. ಬಸದಿಯ ಕಾಂಪೌಂಡು ಗೋಡೆಯ ಮೇಲೆ, ಬಿಸಿಲಿನಲ್ಲಿ ಒಂದು ಬೂದು ಬೆಕ್ಕು ಮಲಗಿತ್ತು. ನಾವಿಬ್ಬರೂ ನೋಡಿದೆವು. ಹೊಟ್ಟೆ ದಪ್ಪಗಿತ್ತು, ಇನ್ನು ಎರಡು ವಾರದ ಮಾತು. ಅದು ಕಣ್ಣು ತೆರೆದು ಇವರನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಗುರುತಿದೆ ಎಂದು ತಿಳಿಯಿತು.

“ಅಕ್ಕನ ಮನೆ ಅನ್ನಕ್ಕೆ ಮೊಸರು ಕಲಸಿ ಹಾಕ್ತೀನಿ, ತಿನ್ತದೆ,” ಎಂದರು, ತಪ್ಪು ಒಪ್ಪಿಕೊಂಡವರ ಹಾಗೆ. ಸ್ವಲ್ಪ ತಡೆದು ಕೇಳಿದರು: “ಇದನ್ನ ಏನ್ ಮಾಡೋದು ಡಾಕ್ಟ್ರಮ್ಮ?”

“ನಿಮಗೇನು ಅನಿಸುತ್ತೆ?”

“ನಂಗೆ ಏನೂ ಅನ್ಸಾದಿಲ್ಲ ಈಗ. ನೀವು ಓದಿರೋರು. ನೀವೇನು ಹೇಳಿದ್ರೆ ಅದು.”

ಅಷ್ಟೆಲ್ಲ ಆದ ಮೇಲೂ ಅವರು ನನ್ನನ್ನು ಕೇಳುತ್ತಿದ್ದರು. ಮೊದಲಿನ ಹಾಗೆಯೇ ತಲೆ ಬಾಗಿಸಿ, ಉತ್ತರಕ್ಕಾಗಿ ಕಾಯುತ್ತ ನಿಂತಿದ್ದರು. ಹೇಳಬೇಕಾದದ್ದು ನನ್ನ ಪುಸ್ತಕದಲ್ಲಿತ್ತು, ಬಾಯಿಗೆ ಬರಲಿಲ್ಲ. “ಮರಿ ಹಾಕಲಿ, ಆಮೇಲೆ ಬಂದು ನೋಡ್ತೀನಿ,” ಎಂದೆ. “ಬನ್ನಿ ಹಂಗಾರೆ,” ಎಂದರು. ನಾನು ತಿರುವಿನವರೆಗೂ ಹೋಗಿ ಹಿಂದಿರುಗಿ ನೋಡಿದಾಗ, ಗೋಡೆಗೆ ಕೈ ಊರಿ ಬೆಕ್ಕಿನ ಪಕ್ಕದಲ್ಲೇ ನಿಂತಿದ್ದರು.

ಎರಡು ಮೂರು ವಾರದಲ್ಲಿ ಹೋಗಬೇಕೆಂದುಕೊಂಡದ್ದು ಆರು ವಾರವಾಯಿತು. ಕ್ಲಿನಿಕ್ಕಿನ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಹೋಗುವ ಹೊತ್ತಿಗೆ ಅವರು ತೀರಿಕೊಂಡು ಹನ್ನೆರಡು ದಿನವಾಗಿತ್ತು. ಯಾರಿಗೆ ಫೋನು ಮಾಡಬೇಕೆಂದು ಪಾರ್ವತಮ್ಮನಿಗೆ ತಿಳಿದಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು, ಸ್ವಲ್ಪ ಮಲಗ್ತೀನಿ ಅಂದವನು ಏಳಲಿಲ್ಲ ಕಣವ್ವ ಎಂದು ಆಕೆ ಅತ್ತರು. ನಾನೂ ಅತ್ತೆ.

ಆಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಒಳಗಿನ ಕತ್ತಲೆಯ ಕೋಣೆಗೆ ನನ್ನನ್ನು ಕರೆದುಕೊಂಡು ಹೋದರು. ಶಿವಲಿಂಗಪ್ಪನವರ ಮಂಚದ ಕೆಳಗೆ ಹಳೆಯ ಪಂಚೆಯ ಮೇಲೆ ಬೂದು ಬೆಕ್ಕು ಮೂರು ಮರಿಗಳನ್ನು ಹಾಕಿಕೊಂಡು ಮಲಗಿತ್ತು. ಆಗತಾನೆ ನಡೆಯಲು ಕಲಿತಿದ್ದವು.

“ಅವನಿದ್ದಾಗ್ಲೇ ಹಾಕ್ತು. ಹೆಣ್ಣೋ ಗಂಡೋ ಡಾಕ್ಟ್ರಮ್ಮ ಬಂದು ನೋಡಿ ಹೇಳ್ತಾರೆ, ಏನ್ ಮಾಡ್ಬೇಕೋ ಅವರೇ ಹೇಳ್ತಾರೆ, ನೀನು ಮುಟ್ಬ್ಯಾಡ ಅಂತಿದ್ದ. ನೋಡಿ ಹೇಳವ್ವ.”

ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ, ಬಾಲ ಸರಿಸಿ ನೋಡಿದೆ. ಬಾಗಿಲ ಹತ್ತಿರ ನಿಂತಿದ್ದ ಪಾರ್ವತಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

“ಎರಡು ಹೆಣ್ಣು, ಒಂದು ಗಂಡು,” ಎಂದೆ.

“ಮುಂದೆ ಏನವ್ವ ಮಾಡದು?”

ಮರಿ ನನ್ನ ಬೆರಳನ್ನು ಚೀಪುತ್ತಿತ್ತು. ಅದನ್ನು ತಾಯಿಯ ಹೊಟ್ಟೆಯ ಹತ್ತಿರ ಬಿಟ್ಟು, ಕೂತೇ ಇದ್ದೆ.